ಒಂದು ಕಾಲಂಗೆ ನೂರು ವರ್ಷ

ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ಸೈಬರ್ ಸೆಂಟರ್‌ನಿಂದ ತಮ್ಮನ ಫೋನು. "ಮತ್ತೆ ಲಾಗೌಟ್ ಆಗೋಯ್ತು ಕಣಣ್ಣ, ಇದು ಮೂರನೇ ಸಲ." ಸರ್ಕಾರಿ ಕೆಲಸದ ಅರ್ಜಿ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದರೆ ಹೆಸರು ತಾಳೆ ಆಗ್ತಿಲ್ಲವಂತೆ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದಿದೆ, ಪ್ರಮಾಣಪತ್ರದಲ್ಲಿ ಮುಂದಿದೆ. ಅಷ್ಟೇ ವ್ಯತ್ಯಾಸ. "ಯಾಕಣ್ಣ ಇಷ್ಟೊಂದು ಕಾಲಂ? ಯಾವನ್ ಮಾಡಿದ್ನೋ ಇದನ್ನ!" ಅಂದ.

ಒಳ್ಳೇ ಪ್ರಶ್ನೆಯೇ. ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಗಿದ್ದು 1891ರಲ್ಲಿ. ಪರೀಕ್ಷೆ ಎಲ್ಲರಿಗೂ ಒಂದೇ, ಆದರೆ ಇಂಗ್ಲಿಷ್ ಓದು ಎಲ್ಲರ ಮನೆಗೂ ಬಂದಿರಲಿಲ್ಲ. ದೊಡ್ಡ ಹುದ್ದೆಗಳೆಲ್ಲ ಹೆಚ್ಚಾಗಿ ಒಂದೇ ಸಮುದಾಯಕ್ಕೆ ಹೋದವು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮನವಿ ಕೊಟ್ಟಿತು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ; ಅದೇ ವರ್ಷ ಹುದ್ದೆ ಬಿಟ್ಟರು. 1919ರಲ್ಲಿ ವರದಿ ಬಂತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು. 'ಪ್ರವರ್ಗ' ಅನ್ನೋ ಕಾಲಮ್ಮಿನ ಬೇರು ಅಲ್ಲಿದೆ. ಆಮೇಲೆ ದೇವರಾಜ ಅರಸರ ಕಾಲದಲ್ಲಿ, 1975ರಲ್ಲಿ, ಹಾವನೂರು ವರದಿ ಬಂತು. ಈಗಿನ 2ಎ, 3ಎಗಳು 1994ರವು.

'ಗ್ರಾಮೀಣ ಅಭ್ಯರ್ಥಿ' ಕಾಲಂ ಬಂದಿದ್ದು 2000ದ ಕಾಯ್ದೆಯಿಂದ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 25. ಅದಕ್ಕೆ ಮುಖ್ಯೋಪಾಧ್ಯಾಯರ ಸಹಿ ಬೇಕು, ಬಿಇಓ ಮೇಲುಸಹಿ ಬೇಕು. ತಮ್ಮ ಅದಕ್ಕಾಗಿ ನಾಲ್ಕು ದಿನ ಓಡಾಡಿದ್ದಾನೆ. ಅಂದರೆ ಅವನಿಗೆ ತಲೆನೋವು ತಂದ ಕಾಲಂಗಳೇ ಅವನಿಗೆ ಬಾಗಿಲು ತೆಗೆಯೋ ಕಾಲಂಗಳು. ಯಾರೋ ಅರ್ಜಿ ಹಿಡಿದು ಅಲೆದು, ಜಗಳ ಆಡಿ ಗಿಟ್ಟಿಸಿದ್ದು.

ಹಾಗಾದರೆ ಲಾಗೌಟ್ ಮಾಡಿದ್ದು ಯಾರು? ಅದು ಮಹಾರಾಜರ ಕಾಲದ್ದಲ್ಲ, ನಮ್ಮಂಥವರದ್ದು. ಹಿಂದೊಮ್ಮೆ ನಾನೂ ಇಂಥದ್ದೇ ಒಂದು ಫಾರಂಗೆ ಕೋಡ್ ಬರೆದಿದ್ದೆ. ಸುರಕ್ಷತೆಗೆ ಅಂತ ಹತ್ತು ನಿಮಿಷದ ಮಿತಿ ಇಟ್ಟೆ. ಆಫೀಸಿನ ವೈಫೈನಲ್ಲಿ, ಬಾಯಿಗೆ ಬಂದ ಹೆಸರು ಹಾಕಿ, ಮೂರು ನಿಮಿಷದಲ್ಲಿ ತುಂಬಿ ಟೆಸ್ಟ್ ಪಾಸ್ ಮಾಡಿದ್ದೆ. ಕರೆಂಟ್ ಹೋಗಿ ಬರೋ ಅಂಗಡಿಯಲ್ಲಿ, ಪ್ಲಾಸ್ಟಿಕ್ ಕವರಿಂದ ಒಂದೊಂದೇ ಸರ್ಟಿಫಿಕೇಟ್ ತೆಗೆಯೋ ಹುಡುಗ ನನ್ನ ತಲೇಲಿ ಇರಲಿಲ್ಲ. ನಾನೂ ಅಂಥದ್ದೇ ಕವರ್ ಹಿಡಿದು ಬೆಂಗಳೂರಿಗೆ ಬಂದವನು.

ಮಿಲ್ಲರ್ ಸಮಿತಿ ಕೇಳಿದ್ದೂ ಇದನ್ನೇ ತಾನೇ: ನಿಯಮ ಎಲ್ಲರಿಗೂ ಒಂದೇ ಇದ್ದರೆ ಸಾಕಾ?

ರಾತ್ರಿ ಹನ್ನೊಂದಕ್ಕೆ ತಮ್ಮನ ಮೆಸೇಜು: "ಅರ್ಜಿ ಸಂಖ್ಯೆ ಬಂತು ಕಣಣ್ಣ." ಯಾವನ್ ಮಾಡಿದ್ನೋ ಅನ್ನೋ ಪ್ರಶ್ನೆಗೆ ನಾನಿನ್ನೂ ಅವನಿಗೆ ಉತ್ತರ ಹೇಳಿಲ್ಲ.