ಒಂದು ನಿಮಿಷ, ಹತ್ತು ನಿಮಿಷ: ಇನ್ಸುಲೇಷನ್ ಪರೀಕ್ಷೆ ನಡೆದು ಬಂದ ದಾರಿ

ಕೊಳವೆಬಾವಿಯಿಂದ ಎತ್ತಿದ ಮೋಟಾರ್ ರೀವೈಂಡಿಂಗ್ ಅಂಗಡಿಗೆ ಬಂದರೆ ಮೆಕ್ಯಾನಿಕ್ ಮೊದಲು ಕೈಹಾಕುವುದು ಬಹುಪಾಲು ಸೀರೀಸ್ ಲ್ಯಾಂಪಿಗೆ. ಒಂದು ವೈರು ವೈಂಡಿಂಗಿಗೆ, ಇನ್ನೊಂದು ಬಾಡಿಗೆ. ಬಲ್ಬ್ ಹೊತ್ತಿದರೆ ‘ಬಾಡಿ ಅರ್ಥ್ ಆಗಿದೆ’, ಹೊತ್ತದಿದ್ದರೆ ‘ಏನೂ ಆಗಿಲ್ಲ, ಇಳಿಸಿ’. ಮೊದಲ ಮಾತನ್ನು ನಂಬಬಹುದು, ಎರಡನೆಯದನ್ನು ನಂಬುವಂತಿಲ್ಲ. 60 ವಾಟಿನ ಬಲ್ಬ್ ಪೂರ್ತಿ ಉರಿಯಲು ಸುಮಾರು ಕಾಲು ಆಂಪಿಯರ್ ಬೇಕು. ಇನ್ಸುಲೇಷನ್ ಕೆಟ್ಟು 1 ಲಕ್ಷ ಓಮ್‌ಗೆ ಇಳಿದಿದ್ದರೂ 230 ವೋಲ್ಟಿಗೆ ಸೋರುವುದು 2.3 ಮಿಲಿ ಆಂಪಿಯರ್ ಮಾತ್ರ. ಬಲ್ಬಿನ ತಂತಿ ಕೆಂಪಗೂ ಆಗದು. ನಮ್ಮಲ್ಲಿ ಸುರಕ್ಷತಾ ನಿಯಮ ಕೇಳುವುದಾದರೂ ಅದರ ಹತ್ತು ಪಟ್ಟು: 500 ವೋಲ್ಟ್ ಡಿ.ಸಿ.ಯನ್ನು ಒಂದು ನಿಮಿಷ ಹಾಕಿದಾಗ ಕನಿಷ್ಠ 1 ಮೆಗಾ ಓಮ್.

ಆ ‘ಒಂದು ನಿಮಿಷ’ಕ್ಕೆ ಇಂಥ ಮೋಟಾರಿಗಿಂತ ಹೆಚ್ಚು ವಯಸ್ಸಾಗಿದೆ. ಅದು ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ಲಿನ ಕಾಲದ್ದು. 1851ರಲ್ಲಿ ಡೋವರ್ ಮತ್ತು ಕ್ಯಾಲೆ ನಡುವೆ ಕೆಲಸಕ್ಕೆ ನಿಂತ ಕೇಬಲ್ಲಿನಲ್ಲಿ ತಾಮ್ರದ ತಂತಿಗೆ ಹೊದಿಸಿದ್ದು ಮಲಯದ ಮರವೊಂದರ ಅಂಟು, ಗಟಾಪರ್ಚಾ. ಅದೇ ಧೈರ್ಯದ ಮೇಲೆ 1858ರಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡಿಗೆ ಅಟ್ಲಾಂಟಿಕ್ ದಾಟುವ ಕೇಬಲ್ ಹಾಸಿದರು. ಸಂಕೇತ ಮಸುಕಾದಾಗ ಕಂಪನಿಯ ಎಲೆಕ್ಟ್ರಿಷಿಯನ್ ವೈಲ್ಡ್‌ಮನ್ ವೈಟ್‌ಹೌಸ್ ಸುಮಾರು 2000 ವೋಲ್ಟ್ ತುಂಬಿ ತಳ್ಳಿದ. ಕೆಲವೇ ವಾರಗಳಲ್ಲಿ ಕೇಬಲ್ ಮೂಕವಾಯಿತು. ತಪ್ಪೆಲ್ಲ ಅವನದೇ ಎನ್ನುವುದು ಅನ್ಯಾಯ, ಕೇಬಲ್ ಹುಟ್ಟಿನಿಂದಲೇ ದುರ್ಬಲವಾಗಿತ್ತು. ಅದರ ಬೆನ್ನಿಗೇ ಕೆಂಪು ಸಮುದ್ರದ ಮೂಲಕ ಕರಾಚಿಗೆ ಹಾಸಿದ ಕೇಬಲ್ಲೂ ಕೆಟ್ಟಿತು. ಅದಕ್ಕೆ ಬ್ರಿಟಿಷ್ ಸರಕಾರದ ಖಾತರಿ ಇತ್ತು, ಹಾಗಾಗಿ ವಿಚಾರಣೆಯೂ ಜೋರಾಗಿಯೇ ನಡೆಯಿತು.

1861ರಲ್ಲಿ ಹೊರಬಂದ ಆ ವಿಚಾರಣೆಯ ವರದಿಯ ನಂತರ ಕೇಬಲ್ ಪರೀಕ್ಷೆ ಊಹೆಯ ಕೆಲಸವಾಗಿ ಉಳಿಯಲಿಲ್ಲ. ಕೇಬಲ್ಲಿನ ಒಳತಿರುಳನ್ನು 75 ಡಿಗ್ರಿ ಫ್ಯಾರನ್‌ಹೀಟಿನ, ಅಂದರೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿನ, ನೀರಿನ ತೊಟ್ಟಿಯಲ್ಲಿ 24 ಗಂಟೆ ನೆನೆಸಿ, ಬ್ಯಾಟರಿ ಜೋಡಿಸಿ, ಗ್ಯಾಲ್ವನೋಮೀಟರ್ ನೋಡುವುದು ರೂಢಿಯಾಯಿತು. ನೋಡಿದವರಿಗೆ ಒಂದು ತಲೆನೋವು ಎದುರಾಯಿತು: ಅಳತೆ ನಿಲ್ಲುವುದೇ ಇಲ್ಲ. ಕರೆಂಟ್ ಮೊದಲು ಜಿಗಿಯುತ್ತದೆ, ಆಮೇಲೆ ಇಳಿಯುತ್ತಲೇ ಹೋಗುತ್ತದೆ. ಯಾವ ಕ್ಷಣದಲ್ಲಿ ಓದಿಕೊಂಡೆವು ಎಂದು ಹೇಳದೆ ಇಬ್ಬರ ಅಳತೆಯನ್ನು ಹೋಲಿಸುವಂತಿರಲಿಲ್ಲ. ಬ್ಯಾಟರಿ ಕೊಟ್ಟ ಒಂದು ನಿಮಿಷಕ್ಕೆ ಓದುವುದೆಂದು ಒಪ್ಪಿಕೊಂಡರು. ಅದು ಪ್ರಕೃತಿಯ ನಿಯಮವೇನಲ್ಲ, ಕೇಬಲ್ ಕಾರ್ಖಾನೆಯವರ ನಡುವಿನ ರಾಜಿ.

ತೊಟ್ಟಿಯ ಪಕ್ಕದ ಸೂಕ್ಷ್ಮ ಗ್ಯಾಲ್ವನೋಮೀಟರನ್ನು ಹೊತ್ತು ಗಿರಣಿಗೋ ಹಡಗಿಗೋ ಹೋಗುವಂತಿರಲಿಲ್ಲ. ಕೈಯಲ್ಲಿ ಒಯ್ಯಬಲ್ಲ ಉಪಕರಣವನ್ನು 1889ರಲ್ಲಿ ಕೊಟ್ಟವನು ಲಂಡನ್ನಿನ ಸಿಡ್ನಿ ಎವರ್‌ಶೆಡ್. ‘ಮೆಗ್ಗರ್’ ಹೆಸರು ನೋಂದಣಿಯಾದದ್ದು 1903ರಲ್ಲಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿ ಆಗ ಒಂದು ವರ್ಷವಷ್ಟೇ ಆಗಿತ್ತು. ಹಳೆಯ ಎಲೆಕ್ಟ್ರಿಷಿಯನ್ನರು ಇಂದಿಗೂ ಬಿಡದ ಆ ಹ್ಯಾಂಡಲ್ ಮೆಗ್ಗರಿನ ಒಳಗೆ ಜಾಣತನ ತುಂಬಿದೆ. ಮುಳ್ಳಿಗೆ ಸ್ಪ್ರಿಂಗ್ ಇಲ್ಲ. ಕೋನವಾಗಿ ಜೋಡಿಸಿದ ಎರಡು ಸುರುಳಿಗಳಲ್ಲಿ ಒಂದು ವೋಲ್ಟೇಜನ್ನು, ಇನ್ನೊಂದು ಸೋರುವ ಕರೆಂಟನ್ನು ಪ್ರತಿನಿಧಿಸಿ ಎಳೆದಾಡುತ್ತವೆ. ಮುಳ್ಳು ತೋರಿಸುವುದು ಅವೆರಡರ ಅನುಪಾತವನ್ನು, ಅಂದರೆ ನೇರವಾಗಿ ರೋಧವನ್ನು. ಹ್ಯಾಂಡಲ್ ಸ್ವಲ್ಪ ಜೋರಾದರೂ ನಿಧಾನವಾದರೂ ಲೆಕ್ಕ ತಪ್ಪದು. ಉದ್ದದ ಕೇಬಲ್ಲಿಗೆ ಮಾತ್ರ ಅಷ್ಟು ಸಾಲದು. ವೋಲ್ಟೇಜ್ ಏರಿಳಿದರೆ ಕೇಬಲ್ ಚಾರ್ಜು ತುಂಬಿಕೊಂಡು, ಬಿಟ್ಟು, ಮುಳ್ಳನ್ನು ಕುಣಿಸುತ್ತದೆ. ಅದಕ್ಕೇ ಮಿನಿಟಿಗೆ ಸುಮಾರು 160 ಸುತ್ತು ಮೀರಿದರೆ ಜಾರುವ ಕ್ಲಚ್ ಬಂತು.

ಎವರ್‌ಶೆಡ್ ಉಪಕರಣ ಮಾರಿ ಸುಮ್ಮನಾಗಲಿಲ್ಲ. ಮೊದಲ ಮಹಾಯುದ್ಧಕ್ಕೆ ತುಸು ಮುಂಚೆ ಅವನು ಪ್ರಕಟಿಸಿದ ಸಂಶೋಧನೆ ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸೊಗಸಾದ ಕೆಲಸ. ಹತ್ತಿ, ಕಾಗದದಂಥ ಹೊದಿಕೆಗಳ ಸಣ್ಣ ರಂಧ್ರಗಳಲ್ಲಿ ಅಡಗಿದ ನೀರೇ ಸೋರಿಕೆಯ ದಾರಿ. ವೋಲ್ಟೇಜ್ ಏರಿಸಿದರೆ ಆ ನೀರು ರಂಧ್ರದ ಗೋಡೆಗುಂಟ ಹರಡಿ ರೋಧ ಕುಗ್ಗುತ್ತದೆ ಎಂದು ಆತ ತೋರಿಸಿದ. ಅಂದಿನ ಮೆಗ್ಗರ್ ನಿಜವಾಗಿ ಅಳೆಯುತ್ತಿದ್ದದ್ದು ತೇವವನ್ನು.

ಮಳೆಗಾಲದಲ್ಲಿ ನೀರು ಕುಡಿದ ಮೋಟಾರನ್ನು ಒಣಗಿಸುವವರ ಪಕ್ಕದಲ್ಲಿ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಒಳಗೆ 200 ವಾಟಿನ ಬಲ್ಬ್ ಇಟ್ಟು, ತಾಡಪಾಲು ಹೊದಿಸಿ, ಗಂಟೆಗೊಮ್ಮೆ ಮೆಗ್ಗರ್ ಹಾಕುತ್ತಾರೆ. ಮೊದಲ ಗಂಟೆಗಳಲ್ಲಿ ರೋಧ ಏರುವ ಬದಲು ಇಳಿಯುತ್ತದೆ, ಹೊಸಬರು ಗಾಬರಿಯಾಗುತ್ತಾರೆ. ಬಿಸಿಗೆ ಇನ್ಸುಲೇಷನ್ನಿನ ರೋಧ ಕುಗ್ಗುವುದು ಸಹಜ. ತೇವ ಹೊರಬೀಳತೊಡಗಿದ ಮೇಲೆ ಮುಳ್ಳು ಕಚ್ಚಿಕೊಂಡು ನಿಂತು, ನಿಧಾನವಾಗಿ ಮೇಲೇರುತ್ತದೆ.

ಬಿಸಿಯ ಲೆಕ್ಕಕ್ಕೆ ರೂಢಿಯ ಸೂತ್ರವೊಂದಿದೆ: 10 ಡಿಗ್ರಿ ಏರಿದರೆ ರೋಧ ಅರ್ಧ. ವೈಂಡಿಂಗ್ 70 ಡಿಗ್ರಿಯಲ್ಲಿದ್ದಾಗ 20 ಮೆಗಾ ಓಮ್ ಬಂದರೆ, 40 ಡಿಗ್ರಿಗೆ ಅದು 160. ಬೆಳಿಗ್ಗೆ ತಣ್ಣಗಿದ್ದ ಮೋಟಾರಿನ ಅಂಕಿಯನ್ನು ಮಧ್ಯಾಹ್ನ ಓಡಿ ನಿಂತದ್ದರ ಅಂಕಿಯ ಪಕ್ಕ ಬರೆದಿಟ್ಟರೆ ಆ ರಿಜಿಸ್ಟರಿಗೆ ಬೆಲೆಯಿಲ್ಲ.

ಉಷ್ಣತೆಯ ಈ ಜಂಜಾಟದಿಂದ ತಪ್ಪಿಸಿಕೊಳ್ಳಲು ಹಳೆಯ ತಲೆನೋವೇ ನೆರವಿಗೆ ಬಂತು. ಕರೆಂಟ್ ಇಳಿದಂತೆ ರೋಧದ ಅಳತೆ ನಿಲ್ಲದೆ ಏರುತ್ತಿದ್ದರೆ, ಆ ಏರಿಕೆಯನ್ನೇ ಅಳೆಯಬಾರದೇಕೆ? ಒಣಗಿದ ಶುದ್ಧ ವೈಂಡಿಂಗಿನಲ್ಲಿ ಅಣುಗಳು ವಿದ್ಯುತ್ ಕ್ಷೇತ್ರಕ್ಕೆ ಒಗ್ಗಿಕೊಳ್ಳುತ್ತ ಕರೆಂಟ್ ನಿಮಿಷಗಟ್ಟಲೆ ಇಳಿಯುತ್ತದೆ. ತೇವ, ಕೊಳೆ ಇದ್ದರೆ ಸೋರಿಕೆಯೇ ದೊಡ್ಡದಾಗಿ ಆ ಇಳಿತವನ್ನು ನುಂಗಿಬಿಡುತ್ತದೆ. ಹತ್ತನೆಯ ನಿಮಿಷದ ರೋಧವನ್ನು ಮೊದಲ ನಿಮಿಷದ್ದರಿಂದ ಭಾಗಿಸಿದರೆ ಸಿಗುವುದೇ ಪೋಲರೈಜೇಷನ್ ಇಂಡೆಕ್ಸ್. ಎರಡೂ ಒಂದೇ ಬಿಸಿಯಲ್ಲಿ ಸಿಕ್ಕ ಅಂಕಿಗಳಾದ್ದರಿಂದ ಉಷ್ಣತೆಯ ಪ್ರಭಾವ ಬಹುಮಟ್ಟಿಗೆ ಕಳೆದುಹೋಗುತ್ತದೆ. 1950ರಲ್ಲಿ ಅಮೆರಿಕದ ಎಂಜಿನಿಯರುಗಳು ಮೊದಲು ಪ್ರಕಟಿಸಿದ, ಈಗ ಐಟ್ರಿಪಲ್‌ಇ 43 ಎಂದು ಕರೆಸಿಕೊಳ್ಳುವ ಮಾನದಂಡ ಇಂದಿನ ಬಹುತೇಕ ವೈಂಡಿಂಗುಗಳಿಗೆ ಈ ಅನುಪಾತ ಕನಿಷ್ಠ 2 ಇರಲಿ ಎನ್ನುತ್ತದೆ.

ಅದೇ ಮಾನದಂಡದ 2000ದ ಪರಿಷ್ಕರಣೆ ಓದಿದರೆ ವಸ್ತು ಎಷ್ಟು ಬದಲಾಯಿತೆಂದು ತಿಳಿಯುತ್ತದೆ. ಹಳೆಯ ವೈಂಡಿಂಗಿಗೆ ಕಿಲೋವೋಲ್ಟಿಗೆ ಒಂದು ಕೂಡಿಸಿದಷ್ಟು ಮೆಗಾ ಓಮ್ ಸಾಕಿತ್ತು: 11 ಕಿಲೋವೋಲ್ಟಿನ ಮೋಟಾರಿಗೆ 12. ಸುಮಾರು 1970ರ ನಂತರದ, ಅಭ್ರಕ ಮತ್ತು ಎಪಾಕ್ಸಿಯ ದೊಡ್ಡ ಮೋಟಾರಿಗೆ ಕೇಳುವುದು 100. ಒಂದು ನಿಮಿಷದ ರೋಧ 5000 ಮೆಗಾ ಓಮ್ ಮೀರಿದರೆ ಅನುಪಾತವನ್ನು ತೀರ್ಪಿಗೆ ಬಳಸಬೇಡಿ ಎಂದೂ ಅದು ಹೇಳುತ್ತದೆ. 5000 ವೋಲ್ಟ್ ಹಾಕಿದರೂ ಆಗ ಹರಿಯುವುದು ಮೈಕ್ರೋ ಆಂಪಿಯರಿಗಿಂತ ಕಡಿಮೆ. ಅಷ್ಟು ಚಿಕ್ಕ ಕರೆಂಟಿನಲ್ಲಿ ಅನುಪಾತ ಅಲುಗಾಡುತ್ತದೆ.

ಇನ್ಸುಲೇಷನ್ ಒಳ್ಳೆಯದಾದಷ್ಟೂ ಮೆಗ್ಗರ್ ಕುರುಡಾಯಿತು ಎನ್ನಬಹುದು. ಎಪಾಕ್ಸಿಯೊಳಗಿನ ಗಾಳಿಗುಳ್ಳೆ ಮುಳ್ಳಿಗೆ ಕಾಣದು. ಎಕ್ಸ್‌ಎಲ್‌ಪಿಇ ಎಂಬ ಪ್ಲಾಸ್ಟಿಕ್ ಹೊದಿಕೆಯ ಕೇಬಲ್ಲಿನೊಳಗೆ ಮರದ ಕೊಂಬೆಗಳಂತೆ ಬೆಳೆಯುವ ತೇವದ ಬಿರುಕು ಹೊದಿಕೆಯ ಆಚೆ ತುದಿ ಮುಟ್ಟುವವರೆಗೂ ಸಾವಿರಾರು ಮೆಗಾ ಓಮ್ ಬರಬಹುದು. ಹೆಚ್ಚಿನ ಡಿ.ಸಿ. ವೋಲ್ಟೇಜ್ ಹಾಕಿ ಪರೀಕ್ಷಿಸಿದರೆ ಹಳೆಯ ಕೇಬಲ್ಲಿನಲ್ಲಿ ಚಾರ್ಜು ಸಿಕ್ಕಿಕೊಂಡು, ಲೈನ್ ಮತ್ತೆ ಚಾಲೂ ಮಾಡಿದ ಮೇಲೆ ಸಿಡಿಯುವ ಭಯ. ಆದ್ದರಿಂದ ಈಗ ಅಂಥ ಕೇಬಲ್ಲಿಗೆ 0.1 ಹರ್ಟ್ಸ್ ಆವರ್ತದ, ಹತ್ತು ಸೆಕೆಂಡಿಗೊಮ್ಮೆ ತಿರುಗುವ ಎ.ಸಿ. ಹಾಕುತ್ತಾರೆ. ಹೊದಿಕೆಯೊಳಗಿನ ಸೂಕ್ಷ್ಮ ವಿಸರ್ಜನೆಯನ್ನು ಪತ್ತೆ ಮಾಡುವ ಪರೀಕ್ಷೆಗಳೂ ಬಂದಿವೆ. ಬೆಂಗಳೂರಿನಲ್ಲಿ 1960ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಈ ಬಗೆಯ ತಪಾಸಣೆ ಮಾಡುತ್ತದೆ.

ಇನ್ನೊಂದು ಕುರುಡು ಮೊದಲಿನಿಂದಲೂ ಇದ್ದದ್ದು. ಮೆಗ್ಗರ್ ವೈಂಡಿಂಗಿಗೂ ಬಾಡಿಗೂ ನಡುವೆ ನೋಡುತ್ತದೆ, ಸುತ್ತಿಗೂ ಸುತ್ತಿಗೂ ನಡುವೆ ನೋಡುವುದೇ ಇಲ್ಲ. ಅದಕ್ಕೆ ಬೇಕಾದ ಸರ್ಜ್ ಪರೀಕ್ಷೆಯ ಬೀಜ 1926ರಲ್ಲೇ ರೈಲ್ಯಾಂಡರ್ ಎಂಬಾತ ಬರೆದ ಲೇಖನದಲ್ಲಿದೆ. ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಡ್ರೈವ್‌ಗಳು ಎಲ್ಲೆಡೆ ಬಂದು, ಕಡಿದಾಗಿ ಏರುವ ಅವುಗಳ ವೋಲ್ಟೇಜ್ ಮೊದಲ ಕೆಲವು ಸುತ್ತುಗಳನ್ನೇ ಬಡಿಯತೊಡಗಿದ ಮೇಲೆ ಅದರ ಅಗತ್ಯ ಹೆಚ್ಚಿತು. ಡ್ರೈವ್ ಇರುವಲ್ಲಿ ಅದರ ವೈರು ಬಿಚ್ಚದೆ ಮೆಗ್ಗರ್ ಹಾಕಿದರೆ ಸುಡುವುದು ಮೋಟಾರಲ್ಲ, ಡ್ರೈವೇ.

ಇಷ್ಟಾದರೂ ಸಾಧಾರಣ 415 ವೋಲ್ಟಿನ ಮೋಟಾರಿಗೆ 500 ವೋಲ್ಟಿನ ಮೆಗ್ಗರೇ ಇಂದಿಗೂ ಮೊದಲ ಪರೀಕ್ಷೆ. ತೇವ, ಕೊಳೆ, ಸುಟ್ಟ ವಾರ್ನಿಷ್ ಅಲ್ಲಿನ ನಿತ್ಯದ ಶತ್ರುಗಳು, ಅವು ಅದಕ್ಕೆ ಚೆನ್ನಾಗಿ ಕಾಣುತ್ತವೆ. ಡಿಜಿಟಲ್ ಉಪಕರಣದಲ್ಲಿ ಹತ್ತು ನಿಮಿಷದ ಪರೀಕ್ಷೆ ಒಂದು ಗುಂಡಿ ಒತ್ತಿದರೆ ತಾನೇ ನಡೆಯುತ್ತದೆ. ಮುಗಿದ ಮೇಲೆ ವೈಂಡಿಂಗನ್ನು ಅರ್ಥ್ ಮಾಡಿ ಬಿಡಬೇಕಾದ ಹೊತ್ತು, ಪರೀಕ್ಷೆ ನಡೆದ ಹೊತ್ತಿನ ನಾಲ್ಕು ಪಟ್ಟು: ಹತ್ತು ನಿಮಿಷಕ್ಕೆ ನಲವತ್ತು. ಪರದೆ ಸೊನ್ನೆ ತೋರಿಸಿತೆಂದು ಅದಕ್ಕೆ ಮುಂಚೆ ಅರ್ಥ್ ತೆಗೆದರೆ, ಒಳಗೆ ಹೀರಿಕೊಂಡ ಚಾರ್ಜು ಮತ್ತೆ ಮೇಲೆ ಬಂದು ಟರ್ಮಿನಲ್ ಮುಟ್ಟಿದವರಿಗೆ ಹೊಡೆಯುತ್ತದೆ.