ಕಳಿಸಿದ ಇ-ಮೇಲ್ ಕೈಸೇರಲಿಲ್ಲವೇಕೆ?

ನಿಮ್ಮ ಶಾಲೆಯ ವಿಜ್ಞಾನ ಸಂಘವು ಮುನ್ನೂರು ಮಂದಿ ಶಿಕ್ಷಕರಿಗೆ ಕಾರ್ಯಾಗಾರವೊಂದರ ಆಹ್ವಾನವನ್ನು ಇ-ಮೇಲ್ ಮೂಲಕ ಕಳಿಸಿತೆಂದು ಭಾವಿಸಿ. ವಿಳಾಸಗಳು ಆರೇಳು ವರ್ಷ ಹಳೆಯ ಕಡತವೊಂದರಲ್ಲಿ ಸಿಕ್ಕಿದವು. ಅಂದವಾಗಿ ಕಾಣಲೆಂದು ಇಡೀ ಆಹ್ವಾನವನ್ನು ಒಂದು ಚಿತ್ರವಾಗಿ ಮಾಡಿದಿರಿ. ‘ಇವರಿಂದ’ ಎಂಬ ಜಾಗದಲ್ಲಿ ಸಂಘದ ಯಾಹೂ ವಿಳಾಸ ಹಾಕಿ, ಶಾಲೆಯ ಜಾಲತಾಣವಿರುವ ಸರ್ವರ್‌ನಿಂದ ಒಂದೇ ಏಟಿಗೆ ರವಾನಿಸಿದಿರಿ. ಕಾರ್ಯಾಗಾರದ ದಿನ ಬಂದವರು ಮೂವತ್ತು ಮಂದಿ! ಉಳಿದವರನ್ನು ವಿಚಾರಿಸಿದರೆ, “ನಮಗೆ ಪತ್ರವೇ ಬರಲಿಲ್ಲವಲ್ಲ ಸಾರ್” ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನೀವು ಕಳಿಸಿದ್ದೂ ನಿಜ. ಹಾಗಾದರೆ ನಡುವೆ ಪತ್ರ ಏನಾಯಿತು?

ಇದಕ್ಕೆ ಉತ್ತರ ಬೇಕಾದರೆ ಸುಮಾರು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲ ಜಾಹೀರಾತು, ಮೊದಲ ಎಡವಟ್ಟು

ಒಂದು ಗಣಕದಿಂದ ಇನ್ನೊಂದು ಗಣಕಕ್ಕೆ ಜಾಲದ ಮೂಲಕ ಪತ್ರ ಕಳಿಸುವ ಏರ್ಪಾಟನ್ನು 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ರೂಪಿಸಿದರು. ಬಳಕೆದಾರನ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು @ ಚಿಹ್ನೆಯನ್ನು ಆರಿಸಿಕೊಂಡವರೂ ಅವರೇ. ಆಗ ಇದ್ದದ್ದು ಅರ್ಪಾನೆಟ್ ಎಂಬ ಪುಟ್ಟ ಜಾಲ. ಅದನ್ನು ಬಳಸುತ್ತಿದ್ದವರು ವಿಶ್ವವಿದ್ಯಾಲಯಗಳ ಮತ್ತು ರಕ್ಷಣಾ ಸಂಶೋಧನೆಯ ಮಂದಿ. ಒಂದೇ ಬೀದಿಯವರು ಮನೆಬಾಗಿಲಿಗೆ ಚಿಲಕ ಹಾಕದೆ ಬದುಕಿದಂತೆ ಅಲ್ಲಿನ ವ್ಯವಹಾರ.

ಆದರೂ ಅಪಾಯವನ್ನು ಮುಂಚೆಯೇ ಕಂಡವರಿದ್ದರು. 1975ರ ನವೆಂಬರ್‌ನಲ್ಲಿ ಜಾನ್ ಪೋಸ್ಟೆಲ್ ಎಂಬ ಗಣಕ ವಿಜ್ಞಾನಿ ‘ಬೇಡದ ಅಂಚೆಯ ಸಮಸ್ಯೆ’ ಕುರಿತು ಒಂದು ಕಿರು ಟಿಪ್ಪಣಿ ಬರೆದರು. ಆರ್‌ಎಫ್‌ಸಿ ಎಂಬ ತಾಂತ್ರಿಕ ಟಿಪ್ಪಣಿಗಳ ಸರಣಿಯಲ್ಲಿ ಅದು 706ನೆಯದು. ಕಿರಿಕಿರಿ ಮಾಡುವ ಯಂತ್ರದಿಂದ ಬರುವ ಸಂದೇಶಗಳನ್ನು ಮಾತ್ರ ಆರಿಸಿ ನಿರಾಕರಿಸುವ ಅನುಕೂಲ ಜಾಲದಲ್ಲಿಲ್ಲ ಎಂಬುದೇ ಅದರ ತಿರುಳು. ಅದು ಅಷ್ಟಕ್ಕೇ ನಿಂತಿತು.

ಮೂರು ವರ್ಷ ಕಳೆಯುವುದರೊಳಗೆ ಅವರ ಅನುಮಾನ ನಿಜವಾಯಿತು. 1978ರ ಮೇ ತಿಂಗಳ ಆರಂಭದಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಗಣಕ ಕಂಪನಿಯ ಮಾರಾಟ ವಿಭಾಗದ ಗ್ಯಾರಿ ಥ್ಯುರ್ಕ್, ತಮ್ಮ ಹೊಸ ಗಣಕಗಳ ಪ್ರದರ್ಶನಕ್ಕೆ ಬನ್ನಿರೆಂದು ಅಮೆರಿಕದ ಪಶ್ಚಿಮ ಕರಾವಳಿಯ ಸುಮಾರು 400 ಅರ್ಪಾನೆಟ್ ಬಳಕೆದಾರರಿಗೆ ಒಂದೇ ಸಂದೇಶ ಕಳಿಸಿದರು. ವಿಳಾಸಗಳನ್ನು ಅರ್ಪಾನೆಟ್‌ನ ಮುದ್ರಿತ ಡೈರೆಕ್ಟರಿ ನೋಡಿ ಒಂದೊಂದಾಗಿ ಬೆರಳಚ್ಚು ಮಾಡಲಾಗಿತ್ತು. ಇಲ್ಲಿಯೇ ಸ್ವಾರಸ್ಯವಿರುವುದು. ಆಗಿನ ಅಂಚೆ ತಂತ್ರಾಂಶದಲ್ಲಿ ವಿಳಾಸಗಳಿಗೆ ಮೀಸಲಿದ್ದ ಜಾಗ ಅಷ್ಟು ದೊಡ್ಡ ಪಟ್ಟಿಗೆ ಸಾಲಲಿಲ್ಲ. ಮಿಕ್ಕ ವಿಳಾಸಗಳು ತುಂಬಿದ ಪಾತ್ರೆಯಿಂದ ನೀರು ಹೊರಚೆಲ್ಲಿದಂತೆ ಪತ್ರದ ಒಡಲಿಗೇ ಬಂದು ಬಿದ್ದವು. ಅಲ್ಲಿ ಬಿದ್ದ ವಿಳಾಸದವರಿಗೆ ಮೊದಲ ಯತ್ನದಲ್ಲಿ ಪತ್ರ ಹೋಗಲೇ ಇಲ್ಲ; ಪತ್ರ ತಲಪಿದವರಿಗೆ ವಿಷಯಕ್ಕಿಂತ ಮೊದಲು ಕಂಡದ್ದು ಉದ್ದನೆಯ ವಿಳಾಸ ಪಟ್ಟಿ! ಜಾಲದ ಮೊತ್ತಮೊದಲ ಸಗಟು ಜಾಹೀರಾತೇ ಬಟವಾಡೆಯಲ್ಲಿ ಎಡವಿತು.

ಜಾಲದ ಉಸ್ತುವಾರಿ ಹೊತ್ತಿದ್ದ ರಕ್ಷಣಾ ಇಲಾಖೆಯವರು, ಸರ್ಕಾರಿ ಕೆಲಸಕ್ಕಾಗಿ ಇರುವ ಜಾಲದ ದುರ್ಬಳಕೆ ಇದು ಎಂದು ಛೀಮಾರಿ ಹಾಕಿದರು. ಥ್ಯುರ್ಕ್ ಅವರಿಗೆ ಅದರಿಂದ ನಷ್ಟವೇನೂ ಆದಂತಿಲ್ಲ. ಆ ಪತ್ರದಿಂದ ಒಂದು ಕೋಟಿ ಡಾಲರಿಗೂ ಮೀರಿದ ವ್ಯಾಪಾರವಾಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಕಳಿಸುವವನಿಗೆ ಲಾಭ, ಕಿರಿಕಿರಿಯ ಭಾರವೆಲ್ಲ ಪಡೆಯುವವನಿಗೆ ಎಂಬ ಲೆಕ್ಕ ಅಂದೇ ಶುರುವಾಯಿತೆನ್ನಬಹುದು.

ಲಕೋಟೆಯ ಮೇಲೆ ಯಾರ ಹೆಸರು?

1982ರ ಆಗಸ್ಟ್‌ನಲ್ಲಿ ಅದೇ ಪೋಸ್ಟೆಲ್ ಎಸ್‌ಎಂಟಿಪಿ ಎಂಬ ಅಂಚೆ ನಿಯಮಾವಳಿಯನ್ನು ಪ್ರಕಟಿಸಿದರು. ಇಂದಿಗೂ ಇ-ಮೇಲ್ ಸಾಗುವುದು ಬಹುಮಟ್ಟಿಗೆ ಅದರ ಹಾದಿಯಲ್ಲೇ. ಅದರ ಕಾರ್ಯವಿಧಾನ ಎರಡು ಯಂತ್ರಗಳ ನಡುವಿನ ಮಾತುಕತೆಯಂತಿದೆ. ಕಳಿಸುವ ಯಂತ್ರ ಮೊದಲು ನಮಸ್ಕಾರ ಹೇಳಿ ತನ್ನ ಹೆಸರು ತಿಳಿಸುತ್ತದೆ. ಬಳಿಕ ‘ಇದು ಇಂಥವರಿಂದ’, ‘ಇದು ಇಂಥವರಿಗೆ’ ಎಂದು ಹೇಳಿ, ಕೊನೆಗೆ ಪತ್ರವನ್ನು ಒಪ್ಪಿಸುತ್ತದೆ. ಪಡೆಯುವ ಯಂತ್ರ ಪ್ರತಿ ಹಂತದಲ್ಲೂ ಮೂರಂಕಿಯ ಸಂಖ್ಯೆಯಿಂದ ಉತ್ತರಿಸುತ್ತದೆ. 250 ಎಂದರೆ ‘ಆಯಿತು’. 4ರಿಂದ ಆರಂಭವಾಗುವ ಸಂಖ್ಯೆ ಬಂದರೆ ‘ಈಗ ಆಗದು, ಆಮೇಲೆ ಬಾ’. 5ರಿಂದ ಆರಂಭವಾದರೆ ‘ಆಗುವುದೇ ಇಲ್ಲ’. ಇಲ್ಲದ ವಿಳಾಸಕ್ಕೆ ಬರೆದಾಗ ಸಾಮಾನ್ಯವಾಗಿ ಸಿಗುವ ಉತ್ತರ 550.

ನೀವು ಗಮನಿಸಬೇಕಾದ ಅಂಶ ಮುಂದಿದೆ. ‘ಇಂಥವರಿಂದ’ ಎಂದಾಗ ಅದು ನಿಜವೇ ಎಂದು ಯಾರೂ ಕೇಳುವುದಿಲ್ಲ. ಅಂಚೆ ಕಾರ್ಡಿನ ಮೇಲೆ ಯಾರ ಹೆಸರನ್ನು ಬೇಕಾದರೂ ಬರೆದು ಡಬ್ಬಿಗೆ ಹಾಕಬಹುದಲ್ಲವೇ, ಹಾಗೆ. ಸಾಲದ್ದಕ್ಕೆ ಇಲ್ಲಿ ಹೆಸರುಗಳೂ ಎರಡು: ಯಂತ್ರಗಳು ನೋಡುವ ಲಕೋಟೆಯ ಮೇಲಿನ ಹೆಸರು ಒಂದು, ಓದುಗನ ಕಣ್ಣಿಗೆ ಬೀಳುವ ಪತ್ರದೊಳಗಿನ ಹೆಸರು ಇನ್ನೊಂದು. ಎರಡೂ ಹೊಂದಬೇಕೆಂಬ ನಿಯಮವಿರಲಿಲ್ಲ. ಏಳು ವರ್ಷ ಮೊದಲೇ ಬೇಡದ ಅಂಚೆಯ ಬಗ್ಗೆ ಬರೆದ ವ್ಯಕ್ತಿಯೇ ಇಂಥ ನಿಯಮಾವಳಿ ರೂಪಿಸಿದ್ದು ವಿಚಿತ್ರವೆನಿಸಬಹುದು. ಆದರೆ ಅಂದಿನ ಸವಾಲು ಬೇರೆ ಬೇರೆ ಜಾತಿಯ ಯಂತ್ರಗಳ ನಡುವೆ ಪತ್ರ ಹೇಗಾದರೂ ತಲಪಬೇಕೆಂಬುದಾಗಿತ್ತು. ಯಾರದೋ ಪತ್ರವನ್ನು ಇನ್ನಾರಿಗೋ ಮುಟ್ಟಿಸಿಕೊಡುವುದು ಆಗ ಸೌಜನ್ಯವೆನಿಸುತ್ತಿತ್ತು.

ಈ ಸೌಜನ್ಯ ದುಬಾರಿಯಾದದ್ದು ತೊಂಬತ್ತರ ದಶಕದಲ್ಲಿ. 1994ರ ಏಪ್ರಿಲ್ 12ರಂದು ಅಮೆರಿಕದ ಕ್ಯಾಂಟರ್ ಮತ್ತು ಸೀಗಲ್ ಎಂಬ ವಕೀಲ ದಂಪತಿ ‘ಗ್ರೀನ್ ಕಾರ್ಡ್’ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್‌ನ ಐದು ಸಾವಿರಕ್ಕೂ ಹೆಚ್ಚು ಚರ್ಚಾಕೂಟಗಳಲ್ಲಿ ಸುರಿದರು. ಇಂಥ ಸಂದೇಶಗಳಿಗೆ ‘ಸ್ಪ್ಯಾಮ್’ ಎಂಬ ಹೆಸರು ನೆಲೆಗೊಂಡದ್ದು ಆ ಹೊತ್ತಿನಲ್ಲೇ. ಸ್ಪ್ಯಾಮ್ ಎಂಬುದು 1937ರಿಂದ ಮಾರಾಟದಲ್ಲಿರುವ ಡಬ್ಬಿ ಮಾಂಸದ ಹೆಸರು. ಹೋಟೆಲಿನ ಪ್ರತಿ ತಿಂಡಿಯಲ್ಲೂ ಅದೇ ಇರುವುದನ್ನು ಗೇಲಿ ಮಾಡುವ ಮಾಂಟಿ ಪೈಥಾನ್ ತಂಡದ 1970ರ ಪ್ರಹಸನದಿಂದ ಈ ಅರ್ಥ ಬಂತು. ನಮ್ಮಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಮರುವರ್ಷದ ಜುಲೈ 4ರಂದು ಬೆಂಗಳೂರಿನಲ್ಲಿ ಓದಿ ಬೆಳೆದ ಸಬೀರ್ ಭಾಟಿಯಾ ತಮ್ಮ ಗೆಳೆಯ ಜ್ಯಾಕ್ ಸ್ಮಿತ್ ಜೊತೆಗೂಡಿ ಹಾಟ್‌ಮೇಲ್ ಆರಂಭಿಸಿದರು. ಪ್ರತಿ ಪತ್ರದ ಕೆಳಗೂ ‘ನೀವೂ ಪುಕ್ಕಟೆ ಇ-ಮೇಲ್ ಪಡೆಯಿರಿ’ ಎಂಬರ್ಥದ ಒಂದು ಸಾಲು ಇರುತ್ತಿತ್ತು. ಯಾರನ್ನೂ ಪೀಡಿಸದೆ ಹಬ್ಬಿದ ಜಾಹೀರಾತು ಅದು! ಆದರೆ ಪುಕ್ಕಟೆ ವಿಳಾಸಗಳು ಸಜ್ಜನರಿಗೆ ಸಿಕ್ಕಷ್ಟೇ ಸುಲಭವಾಗಿ ಸ್ಪ್ಯಾಮ್ ಕಳಿಸುವವರಿಗೂ ಸಿಕ್ಕವು.

ಕಪ್ಪುಪಟ್ಟಿ

1997ರಲ್ಲಿ ಪಾಲ್ ವಿಕ್ಸಿ ಮತ್ತು ಡೇವ್ ರ‍್ಯಾಂಡ್ ಸ್ಪ್ಯಾಮ್ ಕಳಿಸುವ ಯಂತ್ರಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಯೋಜನೆಗೆ ‘ಮ್ಯಾಪ್ಸ್’ ಎಂದು ಹೆಸರು. ಇಂಗ್ಲಿಷ್‌ನಲ್ಲಿ ತಿರುಗಿಸಿ ಓದಿದರೆ ಸ್ಪ್ಯಾಮ್! ಪಟ್ಟಿಯನ್ನು ಹಂಚುವ ಉಪಾಯ ಬಲು ಸರಳ. ಜಾಲತಾಣದ ಹೆಸರನ್ನು ಸಂಖ್ಯೆಗೆ ಬದಲಿಸುವ ಡಿಎನ್‌ಎಸ್ ವ್ಯವಸ್ಥೆಯನ್ನೇ ಅದಕ್ಕೆ ಬಳಸಿಕೊಳ್ಳಲಾಯಿತು. 192.0.2.10 ಎಂಬ ಯಂತ್ರದಿಂದ ಪತ್ರ ಬಂತೆನ್ನಿ. ಪಡೆಯುವ ಯಂತ್ರ ಆ ಸಂಖ್ಯೆಯನ್ನು ತಿರುಗಿಸಿ 10.2.0.192 ಎಂದು ಮಾಡಿ, ಅದಕ್ಕೆ ಪಟ್ಟಿಯ ಹೆಸರು ಜೋಡಿಸಿ ವಿಚಾರಿಸುತ್ತದೆ. ‘ಅಂಥ ಹೆಸರೇ ಇಲ್ಲ’ ಎಂದರೆ ಪತ್ರ ಒಳಗೆ, 127.0.0.2 ಎಂಬ ಉತ್ತರ ಬಂದರೆ ಹೊರಗೆ.

ಕಂಡವರ ಪತ್ರವನ್ನೆಲ್ಲ ದಾಟಿಸುವ ತೆರೆದ ಯಂತ್ರಗಳು ಈ ಪಟ್ಟಿಗಳಿಗೆ ಸಿಲುಕಿದವು. ಬಹುಜನ ಬಳಸುತ್ತಿದ್ದ ಸೆಂಡ್‌ಮೇಲ್ ತಂತ್ರಾಂಶ 1998ರ ಆವೃತ್ತಿಯಲ್ಲಿ ಆ ಬಾಗಿಲನ್ನು ತಾನಾಗಿಯೇ ಮುಚ್ಚಿತು. ಆದರೆ ಪಟ್ಟಿಗೆ ಬಿದ್ದ ಯಂತ್ರದಲ್ಲಿ ತಪ್ಪಿತಸ್ಥ ಒಬ್ಬನಿದ್ದರೆ, ಅದೇ ಯಂತ್ರ ಬಳಸುವ ನಿರಪರಾಧಿಗಳ ಪತ್ರಗಳೂ ನಿಂತುಹೋಗುತ್ತಿದ್ದವು. ಇಂದು ಕಡಿಮೆ ದರದ ಸರ್ವರ್ ಒಂದನ್ನು ನೂರಾರು ಜಾಲತಾಣಗಳು ಹಂಚಿಕೊಂಡಿರುವಲ್ಲಿಯೂ ಇದೇ ಪಾಡು. ನೆರೆಯವನ ತಪ್ಪಿಗೆ ನಿಮ್ಮ ಶಾಲೆಗೆ ದಂಡ.

ಪಟ್ಟಿ ನಡೆಸುವವರು ಇನ್ನೊಂದು ಬಲೆಯನ್ನೂ ಹೆಣೆದರು. ಬಹುಕಾಲ ಬಳಸದೆ ಬಿಟ್ಟ ವಿಳಾಸ ಮೊದಮೊದಲು 550 ಎಂದು ಪತ್ರಗಳನ್ನು ಹಿಂತಿರುಗಿಸುತ್ತದೆ. ಪಟ್ಟಿಯನ್ನು ಶುಚಿಯಾಗಿಡುವವರು ಆಗಲೇ ಅದನ್ನು ತೆಗೆದುಹಾಕುತ್ತಾರೆ. ಕೆಲಕಾಲದ ಮೇಲೆ ಅದೇ ವಿಳಾಸವನ್ನು ಗುಟ್ಟಾಗಿ ಮತ್ತೆ ತೆರೆದು ಕಾಯಲಾಗುತ್ತದೆ. ಆಗಲೂ ಅದಕ್ಕೆ ಬರೆಯುವವರು ಒಂದೋ ಪಟ್ಟಿ ಕೊಂಡವರು, ಇಲ್ಲವೇ ಹಳೆಯ ಕಡತ ನೆಚ್ಚಿಕೊಂಡವರು. ಯಂತ್ರದ ಕಣ್ಣಿಗೆ ಈ ಇಬ್ಬರ ನಡುವೆ ವ್ಯತ್ಯಾಸವಿಲ್ಲ.

ಬೇಯ್ಸ್ ಪ್ರಮೇಯದ ಹೊಸ ಉದ್ಯೋಗ

ಯಂತ್ರವನ್ನು ಬಿಟ್ಟು ಪತ್ರವನ್ನೇ ಓದಿ ತೀರ್ಮಾನಿಸಬಾರದೇಕೆ? 1998ರಲ್ಲಿ ಮೆಹ್ರಾನ್ ಸಹಾಮಿ ಮತ್ತು ಸಂಗಡಿಗರು ಇದಕ್ಕೆ ಬೇಯ್ಸ್ ಪ್ರಮೇಯವನ್ನು ಅನ್ವಯಿಸಿ ತೋರಿಸಿದರು. ಥಾಮಸ್ ಬೇಯ್ಸ್ ಎಂಬ ಪಾದ್ರಿಯ ಈ ಪ್ರಮೇಯ ಅವನ ಮರಣಾನಂತರ, 1763ರಲ್ಲಿ ಪ್ರಕಟವಾದದ್ದು. 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಎಂಬ ತಂತ್ರಾಂಶ ತಜ್ಞ ಇದರ ಸರಳ ರೂಪವನ್ನು ಲೇಖನವೊಂದರಲ್ಲಿ ವಿವರಿಸಿದ ಮೇಲೆ ವಿಧಾನ ಜನಪ್ರಿಯವಾಯಿತು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ‘ಬಹುಮಾನ’ ಎಂಬ ಪದ 100 ಸ್ಪ್ಯಾಮ್ ಪತ್ರಗಳಲ್ಲಿ 40ರಲ್ಲಿಯೂ 100 ಒಳ್ಳೆಯ ಪತ್ರಗಳಲ್ಲಿ 2ರಲ್ಲಿಯೂ ಕಂಡಿತೆನ್ನಿ. ಎರಡು ಬಗೆಯ ಪತ್ರಗಳೂ ಸಮಸಂಖ್ಯೆಯಲ್ಲಿದ್ದರೆ, ಆ ಪದವುಳ್ಳ ಹೊಸ ಪತ್ರ ಸ್ಪ್ಯಾಮ್ ಆಗಿರುವ ಸಂಭವನೀಯತೆ 40/(40+2), ಅಂದರೆ ಸುಮಾರು 0.95. ಅದೇ ಪತ್ರದಲ್ಲಿ ‘ಪ್ರಯೋಗಶಾಲೆ’ ಎಂಬ ಪದವಿದ್ದು, ಅದರ ಸಂಭವನೀಯತೆ 0.2 ಆಗಿದ್ದರೆ? ಎರಡನ್ನೂ ಸೇರಿಸಿದಾಗ (0.95×0.2)/(0.95×0.2+0.05×0.8), ಅಂದರೆ ಸುಮಾರು 0.83. ಒಳ್ಳೆಯ ಪದ ಕೆಟ್ಟ ಪದದ ಕಳಂಕವನ್ನು ಸ್ವಲ್ಪ ತೊಳೆಯಿತು! ತರಗತಿಯಲ್ಲಿ ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಗ್ರಹಾಂ ಇನ್ನೊಂದು ಜಾಣತನ ಮಾಡಿದರು. ಸ್ಪ್ಯಾಮ್ ಒಂದು ನುಸುಳಿದರೆ ಅಳಿಸಬಹುದು. ಒಳ್ಳೆಯ ಪತ್ರ ಕಳೆದುಹೋದರೆ ಅದು ಕಳೆದದ್ದೇ ತಿಳಿಯದು. ಆದ್ದರಿಂದ ಒಳ್ಳೆಯ ಪತ್ರಗಳ ಎಣಿಕೆಯನ್ನು ಅವರು ಎರಡರಿಂದ ಗುಣಿಸಿದರು. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದರೆ 0.95 ಇದ್ದದ್ದು 0.91ಕ್ಕೆ ಇಳಿಯುತ್ತದೆ. ತಮ್ಮ ಪೆಟ್ಟಿಗೆಯಲ್ಲಿ ಸಾವಿರಕ್ಕೆ ಐದಕ್ಕಿಂತ ಕಡಿಮೆ ಸ್ಪ್ಯಾಮ್ ಮಾತ್ರ ತಪ್ಪಿಸಿಕೊಂಡಿತೆಂದೂ ಒಳ್ಳೆಯ ಪತ್ರ ಒಂದೂ ಕಳೆಯಲಿಲ್ಲವೆಂದೂ ಅವರು ವರದಿ ಮಾಡಿದರು.

ಪದಗಳು ಸಿಕ್ಕಿಬೀಳತೊಡಗಿದಾಗ ಸ್ಪ್ಯಾಮ್ ಮಂದಿ ಪದಗಳನ್ನೇ ಮರೆಮಾಡಿದರು. 2006ರ ಹೊತ್ತಿಗೆ ಬರಹವೆಲ್ಲ ಚಿತ್ರದೊಳಗಿರುವ ಸ್ಪ್ಯಾಮ್ ಹೊಳೆಯಂತೆ ಹರಿಯಿತು. ಅಂದಿನಿಂದ, ಬರಹವೇ ಇಲ್ಲದೆ ಚಿತ್ರವೊಂದೇ ಇರುವ ಪತ್ರವೆಂದರೆ ಶೋಧಕ ತಂತ್ರಾಂಶಗಳಿಗೆ ಗುಮಾನಿ. ಕನ್ನಡದವರಾದ ನಮಗೆ ಇದು ವಿಶೇಷವಾಗಿ ತಟ್ಟಿತು. ಯೂನಿಕೋಡ್ ರೂಢಿಯಾಗುವ ಮುನ್ನ ಕನ್ನಡ ಪತ್ರವನ್ನು ಓದುವವನ ಬಳಿ ಅದೇ ಫಾಂಟ್ ಇರಬೇಕಿತ್ತು. ಇಲ್ಲವಾದರೆ ತೆರೆಯ ಮೇಲೆ ಬರೀ ಗೀಚು. ಹಾಗಾಗಿ ಚಿತ್ರ ಮಾಡಿ ಕಳಿಸುವ ಅಭ್ಯಾಸ ಬಿತ್ತು. ಯೂನಿಕೋಡ್ ಬಂದ ಮೇಲೂ ಒಂದು ತೊಡಕಿತ್ತು. ಹಳೆಯ ಅಂಚೆ ವ್ಯವಸ್ಥೆ ಏಳು ಬಿಟ್‌ಗಳ ಇಂಗ್ಲಿಷ್ ಅಕ್ಷರಗಳಿಗಷ್ಟೇ ಹೊಂದುವಂಥದು. ಆದ್ದರಿಂದ ಮೂರು ಬೈಟ್‌ಗಳ ‘ಕ’ ಅಕ್ಷರ ಬೇಸ್-64 ಎಂಬ ಸಂಕೇತದಲ್ಲಿ ‘4, ಎಲ್, ಕೆ, ವಿ’ ಎಂಬ ನಾಲ್ಕು ಚಿಹ್ನೆಗಳಾಗಿ ಸಾಗುತ್ತದೆ. ಸ್ಪ್ಯಾಮ್ ಮಂದಿಯೂ ಪದ ಮರೆಮಾಚಲು ಇದೇ ಸಂಕೇತ ಬಳಸುತ್ತಿದ್ದುದರಿಂದ, ಹಳೆಯ ಕೆಲವು ಶೋಧಕಗಳು ಬೇಸ್-64 ಬರಹ ಕಂಡೊಡನೆ ಅನುಮಾನದ ಅಂಕ ಸೇರಿಸುತ್ತಿದ್ದವು. ನಮ್ಮ ಲಿಪಿ ಮಾಡಿದ ತಪ್ಪೇನು?

ಸಹಿ ಮತ್ತು ಮೊಹರು

ಪತ್ರಕ್ಕೆ ಅಂಚೆಚೀಟಿಯಂತೆ ಬೆಲೆ ಇಟ್ಟರೆ ಹೇಗೆಂಬ ವಿಚಾರವೂ ಇತ್ತು. ಪ್ರತಿ ಪತ್ರಕ್ಕೆ ಮುನ್ನ ಕಳಿಸುವ ಗಣಕ ಒಂದು ಕಷ್ಟದ ಲೆಕ್ಕ ಬಿಡಿಸಬೇಕೆಂದು 1992ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನಾವೊರ್ ಸೂಚಿಸಿದರು. 1997ರಲ್ಲಿ ಆಡಂ ಬ್ಯಾಕ್ ಅಂಥದೇ ‘ಹ್ಯಾಶ್‌ಕ್ಯಾಶ್’ ರೂಪಿಸಿದರು. ಅಂಚೆಯಲ್ಲಿ ಅದು ಊರಲಿಲ್ಲ, ಬಿಟ್‌ಕಾಯಿನ್‌ನಲ್ಲಿ ಬೇರೂರಿತು. ಎರಡು ವರ್ಷದೊಳಗೆ ಸ್ಪ್ಯಾಮ್ ಸಮಸ್ಯೆ ಬಗೆಹರಿಯುತ್ತದೆಂದು ಬಿಲ್ ಗೇಟ್ಸ್ 2004ರ ಜನವರಿಯಲ್ಲಿ ಹೇಳಿದ್ದರು. ಅದೂ ಆಗಲಿಲ್ಲ.

ಕೊನೆಗೆ ಕೈಹಿಡಿದದ್ದು 1982ರಲ್ಲಿ ಬಿಟ್ಟುಹೋದ ಪ್ರಶ್ನೆ: ಪತ್ರ ನಿಜವಾಗಿ ಯಾರದು? 2006ರ ಎಸ್‌ಪಿಎಫ್ ಎಂಬ ಕ್ರಮದಲ್ಲಿ ಡೊಮೈನಿನ ಒಡೆಯ ‘ನನ್ನ ಹೆಸರಿನಲ್ಲಿ ಈ ಯಂತ್ರಗಳು ಮಾತ್ರ ಪತ್ರ ಕಳಿಸಬಹುದು’ ಎಂದು ಡಿಎನ್‌ಎಸ್‌ನಲ್ಲಿ ಬರೆದಿಡುತ್ತಾನೆ. 2007ರ ಡಿಕೆಐಎಂ ಕ್ರಮದಲ್ಲಿ ಕಳಿಸುವ ಯಂತ್ರ ಗುಪ್ತ ಕೀಲಿಯಿಂದ ಪತ್ರಕ್ಕೆ ಸಹಿ ಹಾಕುತ್ತದೆ. ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ದಾರಿಯಲ್ಲಿ ಪತ್ರವನ್ನು ತಿದ್ದಿದರೆ ಸಹಿ ಹೊಂದುವುದಿಲ್ಲ. ಓದುಗನಿಗೆ ಕಾಣುವ ಹೆಸರನ್ನೂ ಈ ಎರಡನ್ನೂ ಬೆಸೆದು, ಹೊಂದದ ಪತ್ರವನ್ನು ಏನು ಮಾಡಬೇಕೆಂದು ಒಡೆಯನೇ ಸಾರುವ ಡಿಮಾರ್ಕ್ ಎಂಬ ಮೂರನೆಯ ಕ್ರಮ 2012ರಲ್ಲಿ ಬಂತು.

2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಹೆಸರಿನಲ್ಲಿ ಬಂದ, ಆದರೆ ಪರೀಕ್ಷೆಯಲ್ಲಿ ಸೋತ ಪತ್ರಗಳನ್ನೆಲ್ಲ ತಿರಸ್ಕರಿಸಿರೆಂದು ಘೋಷಿಸಿತು. ನಕಲಿಗಳ ಜೊತೆಗೆ ಚರ್ಚಾಕೂಟಗಳೂ ಕಂಗೆಟ್ಟವು. ಅಲ್ಲಿ ಸದಸ್ಯರ ಪತ್ರಕ್ಕೆ ಕೂಟದ ಹೆಸರನ್ನೋ ಅಡಿಟಿಪ್ಪಣಿಯನ್ನೋ ಸೇರಿಸಿ ಬೇರೆ ಯಂತ್ರದಿಂದ ಹಂಚುತ್ತಾರೆ, ಸಹಿ ಮುರಿಯುತ್ತದೆ. ನಿಮ್ಮ ಸಂಘದ ಪತ್ರಕ್ಕೂ ಆದದ್ದು ಇಂಥದೇ. ಹೆಸರು ಯಾಹೂವಿನದು, ಯಂತ್ರ ಶಾಲೆಯದು.

2003ರ ಡಿಸೆಂಬರ್‌ನಲ್ಲಿ ಬಂದ ಅಮೆರಿಕದ ಸ್ಪ್ಯಾಮ್ ಕಾನೂನು, ‘ನನಗೆ ಬೇಡ’ ಎಂದವರಿಗೆ ಪತ್ರ ನಿಲ್ಲಿಸಲು ಹತ್ತು ಕೆಲಸದ ದಿನಗಳ ಕಾಲಾವಕಾಶ ಕೊಟ್ಟಿತ್ತು. 2024ರ ಫೆಬ್ರವರಿಯಲ್ಲಿ ಜಿಮೇಲ್ ಮತ್ತು ಯಾಹೂ ತಾವೇ ನಿಯಮ ಮಾಡಿದವು. ಜಿಮೇಲ್ ಪೆಟ್ಟಿಗೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರಿಗೆ ಮೂರೂ ಕ್ರಮಗಳು ಕಡ್ಡಾಯ. ಜಾಹೀರಾತು ಪತ್ರಗಳಲ್ಲಿ ಒಂದೇ ಒತ್ತಿಗೆ ಹೊರಬರುವ ಸೌಲಭ್ಯವಿರಬೇಕು. ಬೇಡವೆಂದವರ ಹೆಸರನ್ನು ಎರಡು ದಿನಗಳಲ್ಲಿ ತೆಗೆಯಬೇಕು. ಮೈಕ್ರೋಸಾಫ್ಟ್ 2025ರ ಮೇ ತಿಂಗಳಲ್ಲಿ ಇದೇ ಹಾದಿ ಹಿಡಿಯಿತು. ಶಾಸನಸಭೆಗಿಂತ ಕಂಪನಿಗಳ ನಿಯಮವೇ ಬಿಗಿಯಾದದ್ದು ಕೆಲಸಕ್ಕೇನೋ ಒಳ್ಳೆಯದೇ. ಆದರೆ ಯಾರ ಪತ್ರ ತಲಪಬೇಕೆಂಬ ತೀರ್ಪು ಕೆಲವೇ ಕಂಪನಿಗಳ ಕೈಸೇರಿದ್ದು ಈ ಬರಹಗಾರನಿಗೆ ಅಷ್ಟು ನೆಮ್ಮದಿ ಕೊಡುವ ಸಂಗತಿಯಲ್ಲ.

ಜಿಮೇಲ್‌ನ ನಿಯಮಗಳಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಹೇಳಿದ ಮಾತೊಂದಿದೆ: ಪತ್ರ ಪಡೆದವರಲ್ಲಿ ‘ಇದು ಸ್ಪ್ಯಾಮ್’ ಎಂದು ದೂರುವವರ ಪ್ರಮಾಣ ಶೇಕಡ 0.3ಕ್ಕಿಂತ ಕೆಳಗಿರಬೇಕು. ಸಾವಿರಕ್ಕೆ ಮೂವರೂ ಆಗುವಂತಿಲ್ಲ. ನಿಮ್ಮ ಪಟ್ಟಿಯಲ್ಲಿರುವುದು ಮುನ್ನೂರು ಮಂದಿ. ಎಂದೋ ವರ್ಗವಾಗಿ ಬೇರೆ ಜಿಲ್ಲೆಗೆ ಹೋದ ಶಿಕ್ಷಕರೊಬ್ಬರು, ‘ನನಗೇಕೆ ಈ ಆಹ್ವಾನ?’ ಎಂದು ಬೇಸರದಿಂದ ಆ ಗುಂಡಿ ಒತ್ತಿದರೆ ಪ್ರಮಾಣ ಶೇಕಡ 0.33.