ಒಂದು ಸ್ಟ್ರೋಕ್, ಏಳು ಗೋಲು: ಭಾಲ್ಕಿ ಹೋಟೆಲಿನ ಹಾಕಿ ಜಗಳ

ಭಾಲ್ಕಿ ಬಸ್ ಸ್ಟ್ಯಾಂಡ್ ಹತ್ತಿರದ ಚಹಾ ಹೋಟೆಲಿನಲ್ಲಿ ಕ್ರಿಕೆಟ್ ಸಲುವಾಗಿ ಜಗಳ ಆಗುವುದು ಹೊಸದೇನಲ್ಲ. ಹಾಕಿ ಸಲುವಾಗಿ ಜಗಳ ಆಗಿದ್ದನ್ನು ನಾವು ಮೊದಲ ಸಲ ನೋಡಿದ್ದು 2024ರ ಆಗಸ್ಟ್ 4ರ ಮಧ್ಯಾಹ್ನ.

ಅವತ್ತು ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್. ಭಾರತದ ಎದುರು ಬ್ರಿಟನ್. ನಮ್ಮಲ್ಲೊಬ್ಬರು ಮೊಬೈಲನ್ನು ನೀರಿನ ಜಗ್ಗಿಗೆ ಆನಿಸಿ ಇಟ್ಟಿದ್ದರು. 17ನೇ ನಿಮಿಷಕ್ಕೆ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ತೋರಿಸಿ ಹೊರಗೆ ಕಳಿಸಿದರು. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಭಾರತ ಹತ್ತೇ ಜನರಲ್ಲಿ ಆಡಬೇಕು. ಆಡಿತು. 1-1 ಸಮ. ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ಅಷ್ಟೊತ್ತಿಗೆ ಹೋಟೆಲಿನ ಭಟ್ಟಿ ಮುಂದೆ ನಿಂತಿದ್ದವನೂ ಒಲೆ ಬಿಟ್ಟು ನಮ್ಮ ಟೇಬಲ್ಲಿಗೆ ಬಂದಿದ್ದ.

ಆಗ ಮೂಲೆಯಲ್ಲಿ ಕೂತಿದ್ದ ನಿವೃತ್ತ ಮಾಸ್ತರರೊಬ್ಬರು ಒಂದು ಮಾತು ಎಸೆದರು. "ಇವ್ರು ಹತ್ತು ಮಂದಿ ಆಡಿ ಗೆದ್ರು. ನಮ್ಮ ಕಾಲದಾಗ ಹನ್ನೊಂದು ಮಂದಿ ಇದ್ದೂ ಕಪ್ ಕಳಕೊಂಡೇವು. ಆ ಗೋವಿಂದ ಒಂದ್ ಸ್ಟ್ರೋಕ್ ಹಾಕಿದ್ರ ಸಾಕಿತ್ತು."

ಔರಾದ ಬಸ್ಸಿಗೆ ಕಾಯುತ್ತಿದ್ದ ಇನ್ನೊಬ್ಬ ಹಿರಿಯರು ಎದ್ದೇ ನಿಂತರು. "ಗುರುಗಳೇ, ಗೋವಿಂದನ ಹೆಸರು ತೆಗೀಬ್ಯಾಡ್ರಿ. ಅಂವಾ ಇರದಿದ್ರ ಅಲ್ಲೀತನಾ ಹೋಗ್ತಿದ್ದಿಲ್ಲ."

ಜಗಳ ಒಂದು ತಾಸು ನಡೆಯಿತು. ನಾವು ಮೂವರೂ ಪತ್ರಿಕೋದ್ಯಮ ಓದಿದವರು. ಒಬ್ಬರು ಬೀದರ್ ಶಹರದವರು, ಒಬ್ಬರು ಭಾಲ್ಕಿ, ಒಬ್ಬರು ಔರಾದ. ಖರೆ ಹೇಳಬೇಕೆಂದರೆ, ಆ ಗೋವಿಂದ ಯಾರೆಂದು ಅವತ್ತಿನವರೆಗೆ ಮೂವರಿಗೂ ಗೊತ್ತಿರಲಿಲ್ಲ. ಈ ಬರಹ ಹುಟ್ಟಿದ್ದು ಆ ನಾಚಿಕೆಯಿಂದ.

ಬಿ.ಪಿ. ಗೋವಿಂದ ಕೊಡಗಿನವರು. ಫಾರ್ವರ್ಡ್ ಆಟಗಾರ, ಓಟಕ್ಕೆ ಹೆಸರಾದವರು. ಅವರ ಕಾಲದ ಇನ್ನೊಬ್ಬ ಕೊಡಗಿನ ಆಟಗಾರ ಎಂ.ಪಿ. ಗಣೇಶ್. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಇಬ್ಬರೂ ಇದ್ದರು. ಮರುವರ್ಷ, 1973ರಲ್ಲಿ ಹಾಲೆಂಡ್ ದೇಶದಲ್ಲಿ ವಿಶ್ವಕಪ್ ನಡೆದಾಗ ಭಾರತದ ಕ್ಯಾಪ್ಟನ್ ಗಣೇಶ್. ಅಂದರೆ ಕರ್ನಾಟಕದ ಒಬ್ಬ ಕ್ಯಾಪ್ಟನ್ ಭಾರತವನ್ನು ಹಾಕಿ ವಿಶ್ವಕಪ್ ಫೈನಲ್‌ವರೆಗೆ ಕರೆದುಕೊಂಡು ಹೋಗಿದ್ದ. ನಮ್ಮ ಯಾವ ಶಾಲೆ ಪುಸ್ತಕದಲ್ಲೂ ಇದನ್ನು ಓದಿದ ನೆನಪು ನಮಗಿಲ್ಲ.

ಸೆಮಿಫೈನಲ್‌ನಲ್ಲಿ ಪಾಕಿಸ್ತಾನವನ್ನು 1-0ಯಿಂದ ಸೋಲಿಸಿದರು. ಸೆಪ್ಟೆಂಬರ್ 2ರಂದು ಫೈನಲ್, ಎದುರಿಗೆ ಅದೇ ಊರಿನ ಹಾಲೆಂಡ್. ಶುರುವಿಗೇ ಸುರ್ಜಿತ್ ಸಿಂಗ್ ಎರಡು ಗೋಲು ಹೊಡೆದು 2-0 ಮಾಡಿದರು. ಕಪ್ ಕೈಯಾಗ ಬಂದಂಗೇ ಇತ್ತು. ಹಾಲೆಂಡ್ ಒಂದೊಂದಾಗಿ ಎರಡೂ ತೀರಿಸಿತು. 2-2. ಹೆಚ್ಚುವರಿ ಸಮಯದಲ್ಲಿ ಯಾರು ಮೊದಲು ಗೋಲು ಹೊಡೆಯುತ್ತಾರೋ ಅವರದ್ದೇ ಕಪ್. ಅಂಥ ಹೊತ್ತಿನಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು.

ಗೊತ್ತಿಲ್ಲದವರಿಗೆ ಹೇಳುತ್ತೇವೆ: ಸ್ಟ್ರೋಕ್ ಅಂದರೆ ಗೋಲಿನ ಎದುರು ಏಳು ಗಜ ದೂರದಲ್ಲಿ ಚೆಂಡು ಇಟ್ಟು, ಒಬ್ಬನೇ ಗೋಲಿಯ ಎದುರು ಒಂದೇ ಒಂದು ಹೊಡೆತ. ನಡುವೆ ಬೇರೆ ಯಾರೂ ಇಲ್ಲ. ಹೊಡೆಯಲು ನಿಂತವರು ಗೋವಿಂದ. ಗೋಲಾಗಲಿಲ್ಲ. ಆಮೇಲೆ ಟೈಬ್ರೇಕರ್‌ನಲ್ಲಿ ಹಾಲೆಂಡ್ 4-2ರಿಂದ ಗೆದ್ದು ಕಪ್ ಒಯ್ದಿತು.

ಮಾಸ್ತರರ ಸಿಟ್ಟು ಇಷ್ಟೇ. ಐವತ್ತು ವರ್ಷದ ಹಿಂದಿನ ಒಂದು ಹೊಡೆತ.

ನಮ್ಮ ಲೆಕ್ಕ ಬೇರೆ. 2-0 ಮುಂದಿದ್ದ ತಂಡ ಎರಡು ಗೋಲು ಬಿಟ್ಟುಕೊಟ್ಟದ್ದು ಗೋವಿಂದ ಒಬ್ಬರ ತಪ್ಪಲ್ಲ. ಟೈಬ್ರೇಕರ್‌ನಲ್ಲಿ ಗೋಲಾಗದ ಹೊಡೆತಗಳನ್ನು ಯಾರೂ ನೆನಪಿಡುವುದಿಲ್ಲ. ಹಾಕಿ ನೋಡುವವರ ದೊಡ್ಡ ಚಾಳಿ ಇದು. ಸೋಲಿಗೆ ಒಂದು ಹೆಸರು ಬೇಕು, ಒಂದೇ ಹೆಸರು. ಗೋವಿಂದ ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ ಅನ್ನುವುದು ಆ ಜಗಳದಲ್ಲಿ ಔರಾದ ಕಾಕಾರ ಕಡೆಯ ಮುಖ್ಯ ಸಾಕ್ಷಿ. 1975ರಲ್ಲಿ ಕ್ವಾಲಾಲಂಪುರಕ್ಕೆ ಹೋದ ತಂಡದಲ್ಲೂ ಅವರಿದ್ದರು.

1975ರ ವಿಷಯ ಬಂದರೆ ನಮ್ಮ ಕಡೆಯ ಹಿರಿಯರ ಮುಖವೇ ಬದಲಾಗುತ್ತದೆ. ಆಗ ನಮ್ಮ ಊರುಗಳಲ್ಲಿ ಟಿವಿ ಎಲ್ಲಿದ್ದವು? ರೇಡಿಯೋ. ಕಾಮೆಂಟರಿ ಹಿಂದಿಯಲ್ಲಿ, ಜಸದೇವ್ ಸಿಂಗ್ ಅವರ ದನಿ. ಬೀದರ್ ಜನಕ್ಕೆ ಅದೇನು ತೊಂದರೆ ಆಗಲಿಲ್ಲ. 1956ರ ನವೆಂಬರ್ 1ರವರೆಗೆ ನಾವು ಹೈದರಾಬಾದ್ ರಾಜ್ಯದವರು. ಆ ದಿನ ಬೀದರ್ ಜಿಲ್ಲೆಯೇ ಹೋಳಾಗಿ ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು, ಉದಗೀರ ಮುಂಬಯಿ ಕಡೆ ಹೋಯಿತು, ಜಹೀರಾಬಾದ್ ಆಂಧ್ರದ ಕಡೆ ಹೋಯಿತು. ರಾಜ್ಯ ಬದಲಾದರೂ ಕಿವಿ ಬದಲಾಗಲಿಲ್ಲ. ಉರ್ದು, ದಖನಿ, ಮರಾಠಿ, ಕನ್ನಡ ಎಲ್ಲ ಕೇಳಿ ಬೆಳೆದ ಕಿವಿಗೆ ಹಿಂದಿ ಕಾಮೆಂಟರಿ ಎಷ್ಟರದ್ದು?

ಔರಾದ ಕಾಕಾ ಹೇಳಿದ್ದನ್ನು ಅವರ ಮಾತಿನಲ್ಲೇ ಕೊಡುತ್ತೇವೆ. "ಸೆಮಿಫೈನಲ್ ಮಲೇಷಿಯಾ ಕೂಡ. ಒಂದ್ ಗೋಲ್ ಹಿಂದ ಇದ್ದೇವು. ಟೈಮ್ ಮುಗೀಲತ್ತಿತ್ತು. ನಮ್ಮಪ್ಪ ರೇಡಿಯೋ ಬಂದ್ ಮಾಡು ಅಂದ. ನಾ ಮಾಡ್ಲಿಲ್ಲ."

ಬಂದ್ ಮಾಡದಿದ್ದದ್ದು ಒಳ್ಳೆಯದಾಯಿತು. ಮಲೇಷಿಯಾ 2-1 ಮುಂದಿತ್ತು. ಆ ವಿಶ್ವಕಪ್‌ನಲ್ಲಿ ಹೆಚ್ಚು ಅವಕಾಶವೇ ಸಿಗದೆ ಬೆಂಚಿನ ಮೇಲೆ ಕೂತಿದ್ದ ಅಸ್ಲಂ ಶೇರ್ ಖಾನ್ ಎಂಬ ಹುಡುಗನನ್ನು ಕೊನೆಗಳಿಗೆಯಲ್ಲಿ ಒಳಗೆ ಕಳಿಸಿದರು. 65ನೇ ನಿಮಿಷ, ಪೆನಾಲ್ಟಿ ಕಾರ್ನರ್. ಅಸ್ಲಂ ಕೊರಳಿನ ತಾಯತಕ್ಕೆ ಮುತ್ತು ಕೊಟ್ಟು ಹೊಡೆದರು ಅನ್ನುವುದು ಇವತ್ತಿಗೂ ಹೇಳುವ ಕಥೆ. ಗೋಲು. 2-2. ಹೆಚ್ಚುವರಿ ಸಮಯದಲ್ಲಿ ಹರಚರಣ್ ಸಿಂಗ್ ಮೂರನೆಯದನ್ನು ಹೊಡೆದರು.

ಮಾರ್ಚ್ 15ರಂದು ಫೈನಲ್, ಪಾಕಿಸ್ತಾನದ ಎದುರು. ಅಲ್ಲೂ ಮೊದಲ ಗೋಲು ಅವರದ್ದೇ. ಸುರ್ಜಿತ್ ಸಮ ಮಾಡಿದರು. ಆಮೇಲೆ ಧ್ಯಾನ್‌ಚಂದರ ಮಗ ಅಶೋಕ್ ಕುಮಾರ್ ಹೊಡೆದ ಚೆಂಡು ಗೋಲಿನ ಕಂಬದ ಒಳಮೂಲೆಗೆ ತಾಗಿ ಹೊರಗೆ ಬಂತು. ಪಾಕಿಸ್ತಾನದವರು ಗೋಲಲ್ಲ ಅಂದರು, ಅಂಪೈರ್ ಗೋಲು ಅಂದರು. 2-1. ಭಾರತದ ಪುರುಷರ ತಂಡ ಗೆದ್ದ ಏಕೈಕ ವಿಶ್ವಕಪ್ ಅದು. ಎರಡು ವರ್ಷದ ಹಿಂದೆ ಸ್ಟ್ರೋಕ್ ಕಳೆದುಕೊಂಡ ಗೋವಿಂದ ಈಗ ವಿಶ್ವಕಪ್ ಗೆದ್ದ ತಂಡದವರು. ಮಾಸ್ತರರು ಇದನ್ನು ಒಪ್ಪಿದರು, ಆದರೆ "ಎರಡು ಕಪ್ ಬರ್ತಿದ್ದವು" ಅನ್ನುವುದನ್ನು ಬಿಡಲಿಲ್ಲ.

ಮುಂದಿನ ವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹುಲ್ಲು ಹೋಗಿ ಪ್ಲಾಸ್ಟಿಕ್ ಟರ್ಫ್ ಬಂತು. ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ವಿರುದ್ಧ 4-3ರಿಂದ ಚಿನ್ನ ಬಂತು. ಆ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. 1988ರಲ್ಲಿ ಅವರೇ ಒಲಿಂಪಿಕ್ಸ್ ಕ್ಯಾಪ್ಟನ್. ಆದರೆ ನಡುವಿನ ವರ್ಷಗಳು ಕೆಟ್ಟವು.

ಎಷ್ಟು ಕೆಟ್ಟವು? 1982ರ ಡಿಸೆಂಬರ್ 1, ದಿಲ್ಲಿ ಏಷ್ಯನ್ ಗೇಮ್ಸ್ ಫೈನಲ್. ಪಾಕಿಸ್ತಾನ 7, ಭಾರತ 1. ಸ್ವಂತ ನೆಲದಲ್ಲಿ, ಇಡೀ ದೇಶ ನೋಡುತ್ತಿದ್ದಾಗ. ಗೋಲಿ ಮೀರ್ ರಂಜನ್ ನೇಗಿ ಅವರ ಮೇಲೆ ಎಲ್ಲ ಬಿತ್ತು. ಮಾರಿಕೊಂಡ ಅಂದರು, ದೇಶದ್ರೋಹಿ ಅಂದರು. ಏಳು ಗೋಲು ಆಗುವಾಗ ಉಳಿದ ಹತ್ತು ಜನ ಎಲ್ಲಿದ್ದರು ಅಂತ ಕೇಳಿದವರು ಕಡಿಮೆ. 'ಚಕ್ ದೇ ಇಂಡಿಯಾ' ಸಿನಿಮಾ ನೋಡಿದವರಿಗೆ ಈ ಕಥೆ ಅರ್ಧ ಗೊತ್ತು. ಶಾರುಖ್ ಖಾನ್ ಪಾತ್ರದ ಹಿಂದೆ ಇರುವ ನೋವು ನೇಗಿ ಅವರದ್ದು ಅಂತಲೇ ಜನ ಹೇಳುತ್ತಾರೆ.

ಇನ್ನೂ ಕೆಳಗೆ ಹೋಗುವುದಿತ್ತು. 1986ರ ಲಂಡನ್ ವಿಶ್ವಕಪ್‌ನಲ್ಲಿ ಹನ್ನೆರಡು ತಂಡ. 11ನೇ ಸ್ಥಾನ ಯಾರಿಗೆ ಅಂತ ಕೊನೆಗೆ ಆಡಿದವರು ಭಾರತ ಮತ್ತು ಪಾಕಿಸ್ತಾನ! ಹನ್ನೊಂದು ವರ್ಷದ ಹಿಂದೆ ಫೈನಲ್ ಆಡಿದ ಅವೇ ಎರಡು ದೇಶ. ಅದರಲ್ಲೂ ಭಾರತ ಸೋತು ಹನ್ನೆರಡನೇದಾಯಿತು. ಭಾಲ್ಕಿ ಮಾಸ್ತರರು ಈ ವರ್ಷದ ಬಗ್ಗೆ ಮಾತಾಡುವುದಿಲ್ಲ, ಚಹಾ ತರಿಸುತ್ತಾರೆ.

ಇಲ್ಲಿಂದ ನಮ್ಮ ಕಡೆಯವರೊಬ್ಬರ ಕಥೆ ಬರುತ್ತದೆ. 1998ರ ಡಿಸೆಂಬರ್, ಬ್ಯಾಂಕಾಕ್ ಏಷ್ಯನ್ ಗೇಮ್ಸ್. ಕ್ಯಾಪ್ಟನ್ ಧನರಾಜ್ ಪಿಳ್ಳೈ. ಗೋಲಿನಲ್ಲಿ ಬೆಂಗಳೂರಿನ ಆಶಿಶ್ ಬಲ್ಲಾಳ್. ಗೋಲಿಗಳಿಗೆ ಪಾಠ ಹೇಳುತ್ತಿದ್ದವರು ಅದೇ ಮೀರ್ ರಂಜನ್ ನೇಗಿ. ದಕ್ಷಿಣ ಕೊರಿಯಾ ಜೊತೆ ಫೈನಲ್ 1-1 ಆಗಿ ಸ್ಟ್ರೋಕ್‌ಗೆ ಹೋಯಿತು. ಬಲ್ಲಾಳ್ ಎರಡು ಹೊಡೆತ ತಡೆದರು. ಏಷ್ಯನ್ ಗೇಮ್ಸ್ ಚಿನ್ನ 32 ವರ್ಷದ ಮೇಲೆ ಬಂತು. ಹದಿನಾರು ವರ್ಷ ಏಳು ಗೋಲು ಹೊತ್ತು ತಿರುಗಿದ ಮನುಷ್ಯ ಅವತ್ತು ರಾತ್ರಿ ಹೇಗೆ ಮಲಗಿರಬೇಕು ಅಂತ ನಮ್ಮಲ್ಲೊಬ್ಬರು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

2000ದ ಸಿಡ್ನಿ ಒಲಿಂಪಿಕ್ಸ್ ಹೈದರಾಬಾದ್ ಕಡೆ ನೆಂಟರಿರುವವರಿಗೆ ಹೆಚ್ಚು ಚುಚ್ಚುತ್ತದೆ, ಸಿಕಂದರಾಬಾದಿನ ಮುಖೇಶ್ ಕುಮಾರ್ ಆ ತಂಡದಲ್ಲಿದ್ದರು. ಪೋಲೆಂಡ್ ಮೇಲೆ ಗೆದ್ದರೆ ಸೆಮಿಫೈನಲ್. 1-0 ಮುಂದಿದ್ದರು. ಎರಡು ನಿಮಿಷವೂ ಉಳಿದಿರಲಿಲ್ಲ, ಪೋಲೆಂಡ್ ಸಮ ಮಾಡಿತು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆಯೇ ಸಿಗಲಿಲ್ಲ. 2012ರ ಲಂಡನ್‌ನಲ್ಲಿ ಆಡಿದ್ದೆಲ್ಲ ಸೋತು ಕಡೆಯ ಸ್ಥಾನ. 2023ರಲ್ಲಿ ಒಡಿಶಾದಲ್ಲೇ ವಿಶ್ವಕಪ್. ಕ್ವಾರ್ಟರ್ ಫೈನಲ್‌ಗೆ ಹೋಗುವ ಪಂದ್ಯದಲ್ಲಿ ನ್ಯೂಜಿಲೆಂಡ್ ಎದುರು 3-1 ಮುಂದಿದ್ದು 3-3 ಮಾಡಿಕೊಂಡು ಶೂಟೌಟ್‌ನಲ್ಲಿ ಸೋತರು. ಮುಂದಿದ್ದು ಬಿಟ್ಟುಕೊಡುವ ರೋಗ 1973ರಿಂದ ಹೋಗಿಲ್ಲ ಅನ್ನುವುದು ಮಾಸ್ತರರ ವಾದ. ಇದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಔರಾದ ಕಾಕಾರ ಹತ್ತಿರ ಇತ್ತು. "ಟೋಕಿಯೋ ನೋಡಿಲ್ಲೇನ್ರಿ?" 2021ರ ಆಗಸ್ಟ್ 5, ಜರ್ಮನಿ ಎದುರು 1-3 ಹಿಂದೆ ಬಿದ್ದವರು 5-4ರಿಂದ ಗೆದ್ದು 41 ವರ್ಷದ ಮೇಲೆ ಒಲಿಂಪಿಕ್ಸ್ ಪದಕ ತಂದರು. ಕೊನೇ ಸೆಕೆಂಡಿನ ಪೆನಾಲ್ಟಿ ಕಾರ್ನರ್ ತಡೆದದ್ದು ಶ್ರೀಜೇಶ್. ಪ್ಯಾರಿಸ್‌ನಲ್ಲೂ ಸ್ಪೇನ್ ಮೇಲೆ 2-1ರಿಂದ ಗೆದ್ದು ಮತ್ತೆ ಕಂಚು.

ಆದರೆ ಆ ಎರಡೂ ತಂಡಗಳ ಪಟ್ಟಿ ತೆಗೆದು ನೋಡಿ. ನಾವು ನೋಡಿದೆವು, ಎರಡು ಸಲ ನೋಡಿದೆವು. ಕರ್ನಾಟಕದ ಒಬ್ಬನೂ ಇಲ್ಲ. 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಾಗ ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಹೀಗೆ ನಾಲ್ಕು ಜನ ಇದ್ದರು. ಏಳು ವರ್ಷದಲ್ಲಿ ಸೊನ್ನೆ. ತಮಾಷೆ ಅಂದರೆ, ತಂಡ ವರ್ಷವೆಲ್ಲ ಅಭ್ಯಾಸ ಮಾಡುವುದು ಬೆಂಗಳೂರಿನ ಸಾಯ್ ಕೇಂದ್ರದಲ್ಲೇ. ಮನೆ ನಮ್ಮದು, ಊಟಕ್ಕೆ ಕೂತವರಲ್ಲಿ ನಮ್ಮವರಿಲ್ಲ.

ಕೊಡಗಿನಲ್ಲಿ ಆಟ ಸತ್ತಿಲ್ಲ. 1997ರಲ್ಲಿ ಕರಡ ಊರಿನಲ್ಲಿ ಪಾಂಡಂಡ ಕುಟುಂಬದವರು 60 ಕುಟುಂಬ ಸೇರಿಸಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ 2024ಕ್ಕೆ 360 ಕುಟುಂಬಕ್ಕೆ ಬೆಳೆದು ಗಿನ್ನೆಸ್ ದಾಖಲೆ ಸೇರಿತು. ಅಜ್ಜ, ಮೊಮ್ಮಗ, ಸೊಸೆ ಎಲ್ಲ ಒಂದೇ ತಂಡ. ಒಡಿಶಾದ ಸುಂದರಗಢದ ಆದಿವಾಸಿ ಹಳ್ಳಿಗಳಲ್ಲಿ ಗೆದ್ದ ತಂಡಕ್ಕೆ ಹೋತ ಬಹುಮಾನ ಕೊಟ್ಟು ಪಂದ್ಯ ಆಡಿಸುತ್ತಾರೆ. ರೆಡ್ ಕಾರ್ಡ್ ತಿಂದ ಅಮಿತ್ ರೋಹಿದಾಸ್ ಅದೇ ಸುಂದರಗಢದವರು. ಅಲ್ಲಿ ಹಳ್ಳಿಯ ಹೋತದ ಪಂದ್ಯಕ್ಕೂ ಟರ್ಫ್ ಇರುವ ಸ್ಟೇಡಿಯಂಗೂ ನಡುವೆ ಹಾಸ್ಟೆಲ್ ಎಂಬ ಏಣಿ ಇದೆ. ಕರ್ನಾಟಕದಲ್ಲಿ ಆ ಏಣಿಯ ಮೆಟ್ಟಿಲು ಮುರಿದಿವೆ ಅಂತ ನಮಗನ್ನಿಸುತ್ತದೆ. ನಮ್ಮ ಬೀದರಿಗಂತೂ ಏಣಿ ತಲುಪಿದ್ದೇ ಅನುಮಾನ.

ನಮ್ಮ ನೆಲವನ್ನೂ ದೂರಬಹುದು. ಬೀದರ್ ಶಹರದ್ದು ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲ, ಚೆಂಡು ಎಲ್ಲಿ ಪುಟಿಯುತ್ತದೋ ದೇವರಿಗೇ ಗೊತ್ತು. ಔರಾದ ಕಡೆ ಎರೆ ಭೂಮಿ, ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು. ಆದರೂ ಜಾಲಿ ಕೊಂಬೆಯ ಬಾಗಿದ ತುದಿ ಕಡಿದು ಹುಡುಗರು ಚೆಂಡು ಹೊಡೆದದ್ದು ನಮ್ಮ ಹಿರಿಯರಿಗೆ ನೆನಪಿದೆ. ಔರಾದ ಕಾಕಾ ಹುಡುಗನಿದ್ದಾಗ ದೇಗಲೂರು ದಾಟಿ ನಾಂದೇಡಿಗೆ ಹಾಕಿ ನೋಡಲು ಹೋಗಿದ್ದರಂತೆ. ಗುರು ಗೋಬಿಂದ್ ಸಿಂಗ್ ಹೆಸರಿನ ಅಖಿಲ ಭಾರತ ಪಂದ್ಯಾವಳಿ ಅಲ್ಲಿ ನಡೆಯುತ್ತದೆ. ಗುರುದ್ವಾರದಲ್ಲಿ ಊಟ, ಮೈದಾನದಲ್ಲಿ ಆಟ, ರಾತ್ರಿ ಲಾರಿ ಹಿಡಿದು ವಾಪಸ್. "ಬೆಂಗಳೂರು ದೂರ ಆಯ್ತು ತಮ್ಮಾ, ನಾಂದೇಡ ಹತ್ರ."

ಪಂದ್ಯ ಮುಗಿದು ಮೂರು ವಾರದ ಮೇಲೆ ಅದೇ ಹೋಟೆಲಿನಲ್ಲಿ ಇಬ್ಬರನ್ನೂ ಮತ್ತೆ ಕೂರಿಸಿದೆವು. ನಾವು ಹುಡುಕಿ ತಂದದ್ದನ್ನೆಲ್ಲ ಓದಿ ಹೇಳಿದೆವು. ಗಣೇಶ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂದದ್ದು ಇಬ್ಬರಿಗೂ ಗೊತ್ತಿರಲಿಲ್ಲ, ಖುಷಿಪಟ್ಟರು. ಗೋವಿಂದ ಅವರ ವಿಷಯಕ್ಕೆ ಮಾಸ್ತರರು ಸ್ವಲ್ಪ ಇಳಿದರು. "ಆಯ್ತು ಬಿಡ್ರಿ, ಆ ಹೊತ್ತಿನ್ಯಾಗ ಹೊಡೀಲಿಕ್ಕೆ ಮುಂದ ಬಂದನಲ್ಲ, ಅದಕ್ಕಾರ ಗುಂಡಿಗಿ ಬೇಕು."

ಸಮಾಧಾನ ಆಯಿತು ಅಂದುಕೊಂಡು ನಾವು ಒಂದು ಪ್ರಶ್ನೆ ಕೇಳಿ ತಪ್ಪು ಮಾಡಿದೆವು. ಎಲ್ಲ ಕಾಲಕ್ಕೂ ದೊಡ್ಡ ಗೋಲಿ ಯಾರು, ಬಲ್ಲಾಳೋ ಶ್ರೀಜೇಶೋ? ಮಾಸ್ತರರು ಬಲ್ಲಾಳ್ ಅಂದರು, ನಮ್ಮ ರಾಜ್ಯದವರಂತ. ನಾವು ಮೂವರೂ ಶ್ರೀಜೇಶ್ ಅಂದೆವು. ಅಷ್ಟರಲ್ಲಿ ಔರಾದ ಬಸ್ ಬಂತು. ಕಾಕಾ ಏನೂ ಹೇಳದೆ ಚೀಲ ಹಿಡಿದು ಓಡಿ ಹತ್ತಿದರು. ಬಸ್ ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಇಬ್ರೂ ಅಲ್ಲ! ಶಂಕರ್ ಲಕ್ಷ್ಮಣ್! ಅರವತ್ನಾಲ್ಕು! ಹುಡುಕ್ರಿ!"

ಮಾಸ್ತರರು ಇನ್ನೊಂದು ಚಹಾ ಹೇಳಿದರು. ನಾವು ಮೊಬೈಲ್ ತೆಗೆದೆವು.